ಕನ್ನಡಿ ಇಲ್ಲದ ಕ್ಯಾಮೆರಾ

ಡಿಎಸ್ಎಲ್ಆರ್ ಕ್ಯಾಮೆರಾದ ‘ಖಟಕ್’ ಸದ್ದು ಕೇಳಿದ್ದೀರಲ್ಲ? ಒಳಗಿನ ಕನ್ನಡಿ ಮೇಲೆದ್ದು ಮತ್ತೆ ಕೂರುವ ಸದ್ದು ಅದು. ಫಿಲ್ಮಿಗೆ ಬೆಳಕು ತಾಗದಂತೆ ಲೆನ್ಸಿನ ನೋಟವನ್ನು ನಮ್ಮ ಕಣ್ಣಿಗೆ ತಲುಪಿಸಲು ಹುಟ್ಟಿದ ಉಪಾಯ.

ಫಿಲ್ಮ್ ಹೋಗಿ ಸೆನ್ಸರ್ ಬಂದ ಮೇಲೆ ಕನ್ನಡಿ ಯಾಕೆ ಬೇಕು? ಸೆನ್ಸರ್ ಕಂಡದ್ದನ್ನೇ ಪುಟ್ಟ ಪರದೆಗೆ ಕಳಿಸಿದರಾಯ್ತು! 2008ರಲ್ಲಿ ಪ್ಯಾನಾಸೋನಿಕ್ ಜಿ1 ಮಾಡಿದ್ದು ಇದನ್ನೇ. ಆದರೂ ಡಿಎಸ್ಎಲ್ಆರ್ ಅನ್ನು ಹಿಂದಿಕ್ಕಲು ಮಿರರ್‌ಲೆಸ್‌ಗೆ 12 ವರ್ಷ ಬೇಕಾಯ್ತು. ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಪಾದ ಲೆಕ್ಕದಂತೆ, 2020ರಲ್ಲಿ ಕಾರ್ಖಾನೆಗಳಿಂದ ಹೊರಟದ್ದು ಸುಮಾರು 29 ಲಕ್ಷ ಮಿರರ್‌ಲೆಸ್, 24 ಲಕ್ಷ ಡಿಎಸ್ಎಲ್ಆರ್. 2012ರಲ್ಲಿ ಡಿಎಸ್ಎಲ್ಆರ್ ಒಂದೇ 1.6 ಕೋಟಿ ದಾಟಿತ್ತು! ಅಷ್ಟರಲ್ಲಿ ಮೊಬೈಲು ಎಲ್ಲರ ಊಟ ಕಸಿದಿತ್ತು ಬಿಡಿ.

ಯಾಕಿಷ್ಟು ತಡ? ಹಾರುವ ಹಕ್ಕಿಯ ಹಿಂದೆ ಬಿದ್ದವರಿಗೆ ಪರದೆ ಕಣ್ಣೆವೆಯಷ್ಟು ತಡವಾದರೂ ಚಿತ್ರ ಕೈತಪ್ಪುತ್ತದೆ. ಬ್ಯಾಟರಿಯದ್ದು ಇನ್ನೊಂದು ಗೋಳು: ಸಿಪಾ ಪರೀಕ್ಷೆಯಲ್ಲಿ ನಿಕಾನ್ ಡಿ850ಕ್ಕೆ (2017) 1840 ಚಿತ್ರ, ಅದೇ ಕಂಪನಿಯ ಮಿರರ್‌ಲೆಸ್ ಝಡ್7ಕ್ಕೆ (2018) ಬರೀ 330. ಜೊತೆಗೆ ವರ್ಷಗಟ್ಟಲೆ ಕೂಡಿಟ್ಟು ಕೊಂಡ ಲೆನ್ಸುಗಳನ್ನು ಯಾರು ಬಿಡ್ತಾರೆ?

ಆಮೇಲೆ ಪರದೆ ಚುರುಕಾಯ್ತು, ಕ್ಯಾಮೆರಾ ತಾನೇ ಹಕ್ಕಿಯ ಕಣ್ಣು ಹುಡುಕಿ ಫೋಕಸ್ ಮಾಡತೊಡಗಿತು. ಹಕ್ಕಿಯನ್ನು ಬೆದರಿಸುತ್ತಿದ್ದ ಸದ್ದೂ ಇಲ್ಲ. ಜನ ಬದಲಾದದ್ದು ಆಗಲೇ.

ನಾನು ಮಾತ್ರ ನನ್ನ ಹಳೇ ಡಿಎಸ್ಎಲ್ಆರ್ ಇನ್ನೂ ಮಾರಿಲ್ಲ. ಆ ‘ಖಟಕ್’ ಕೇಳದಿದ್ದರೆ ಫೋಟೋ ತೆಗೆದ ಹಾಗೇ ಅನಿಸಲ್ಲ... ನಿಮಗೆ?