ಕಾದಂಬರಿಕಾರರು ಕಟ್ಟಿದ ಶ್ರೀರಂಗಪಟ್ಟಣ

ಪತ್ತೇದಾರಿ ಕಾದಂಬರಿ ಮತ್ತು ಐತಿಹಾಸಿಕ ಪ್ರಣಯಕಥೆ, ಇವೆರಡನ್ನೂ ನಮ್ಮ ವಿಮರ್ಶಕರು ಬಹುಕಾಲದಿಂದ ಹೊಸ್ತಿಲ ಹೊರಗೇ ನಿಲ್ಲಿಸಿದ್ದಾರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡುತ್ತಲೇ ಕನ್ನಡ ಓದುವ ಚಟ ಹತ್ತಿಸಿಕೊಂಡವರು ಅದೆಷ್ಟೋ ಮಂದಿ. ಆದರೆ ಅವರ ಪುಸ್ತಕಗಳ ಬಗ್ಗೆ ಗಂಭೀರವಾಗಿ ಬರೆದವರು ವಿರಳ. ಉರ್ದುವಿನಲ್ಲೂ ಇದೇ ಹಾಡು. 1952ರಲ್ಲಿ ಅಲಹಾಬಾದಿನಿಂದ 'ಜಾಸೂಸಿ ದುನಿಯಾ' ಮಾಲೆ ಆರಂಭಿಸಿ, ಅದೇ ವರ್ಷ ಪಾಕಿಸ್ತಾನಕ್ಕೆ ಹೋಗಿ, 1980ರಲ್ಲಿ ಕರಾಚಿಯಲ್ಲಿ ತೀರಿಕೊಂಡ ಇಬ್ನೆ ಸಫಿಯವರನ್ನು ಗಡಿಯ ಎರಡೂ ಕಡೆ ಜನ ಮುಗಿಬಿದ್ದು ಓದಿದರು. ಪಂಡಿತರು ಮಾತ್ರ ಬಹಳ ದಿನ ಆ ಕಡೆ ತಿರುಗಿ ನೋಡಲಿಲ್ಲ. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತ ನಮ್ಮಂಥವರು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದ್ದು ಇವರನ್ನೇ.

ಓದಿ ಮರೆಯುವ ಪುಸ್ತಕಗಳಾಗಿದ್ದರೆ ಚಿಂತೆಯಿರಲಿಲ್ಲ. ನಮ್ಮಲ್ಲಿ ಬಹುಪಾಲು ಜನರಿಗೆ ಚರಿತ್ರೆ ಸಿಗುವುದು ಇತಿಹಾಸಕಾರರಿಂದಲ್ಲ, ಇಂಥ ಕಾದಂಬರಿಗಳಿಂದ ಮತ್ತು ಅವುಗಳಿಂದ ಹುಟ್ಟಿದ ಸಿನಿಮಾ, ಧಾರಾವಾಹಿಗಳಿಂದ. ಇದಕ್ಕೆ ದೂರದ ಉದಾಹರಣೆ ಬೇಡ, ಶ್ರೀರಂಗಪಟ್ಟಣವೇ ಸಾಕು. ಕಾವೇರಿಯ ನಡುವಿನ ಈ ಪುಟ್ಟ ದ್ವೀಪದ ಮೇಲೆ ಹೆಣೆದಷ್ಟು ರೋಮಾಂಚಕ ಕಥೆಗಳನ್ನು ನಮ್ಮ ನಾಡಿನ ಬೇರೆ ಊರಿನ ಮೇಲೆ ಹೆಣೆದಂತೆ ಕಾಣೆವು.

ಮೊದಲಿಗರಲ್ಲಿ ಒಬ್ಬರು ಸ್ವತಃ ಸರ್ ವಾಲ್ಟರ್ ಸ್ಕಾಟ್. ಭಾರತಕ್ಕೆ ಕಾಲಿಡದ ಸ್ಕಾಟ್ 1827ರಲ್ಲಿ 'ದಿ ಸರ್ಜನ್ಸ್ ಡಾಟರ್' ಬರೆದರು. ಸ್ಕಾಟ್ಲೆಂಡಿನ ವೈದ್ಯನೊಬ್ಬನ ಮಗಳನ್ನು ಪುಸಲಾಯಿಸಿ ಕರೆತಂದು ಟಿಪ್ಪುವಿಗೆ ಒಪ್ಪಿಸುವ ಸಂಚು ಅದರ ಕಥೆ. ಸಂಚು ಹೂಡಿದವನು ಇಂಗ್ಲಿಷರ ಕಡೆಯವನೇ ಎಂಬುದನ್ನು ಗಮನಿಸಬೇಕು. ಕೊನೆಗೆ ಹೈದರ್ ಅಲಿ ನ್ಯಾಯ ಹೇಳುತ್ತಾನೆ, ಆ ದ್ರೋಹಿ ಆನೆಯ ಕಾಲಿಗೆ ಸಿಕ್ಕಿ ಸಾಯುತ್ತಾನೆ. ತಂದೆ ನ್ಯಾಯವಂತ, ಮಗ ಲಂಪಟ. ಟಿಪ್ಪುವಿನ ಈ ಅಚ್ಚು ಅಂದೇ ತಯಾರಾಯಿತು.

ಆಮೇಲೆ ಬಂದ ಫಿಲಿಪ್ ಮೆಡೋಸ್ ಟೇಲರ್ ನಮ್ಮವರಿಗೆ ಅಪರಿಚಿತರಲ್ಲ. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಟೇಲರ್ ಸಾಹೇಬರ ಬಂಗಲೆ ಅಲ್ಲಿ ಇಂದಿಗೂ ಇದೆ. 1839ರಲ್ಲಿ ಅವರು ಬರೆದ 'ಕನ್ಫೆಷನ್ಸ್ ಆಫ್ ಎ ಥಗ್' ಲಂಡನ್ನಿನ ಓದುಗರನ್ನು ಬೆಚ್ಚಿಬೀಳಿಸಿದ ಅಪರಾಧ ಕಾದಂಬರಿ. ಮರುವರ್ಷವೇ 'ಟಿಪ್ಪೂ ಸುಲ್ತಾನ್' ಬಂತು. ಟೇಲರ್ ಜನರ ಭಾಷೆ ಬಲ್ಲವರು, ಹಳ್ಳಿಗಳಲ್ಲಿ ಅಲೆದವರು. ಹಾಗಾಗಿ ಸಾಮಾನ್ಯ ಮುಸ್ಲಿಂ ಪಾತ್ರಗಳಿಗೆ ಅವರು ಪ್ರೀತಿ, ಮಾನ, ಮರ್ಯಾದೆ ಎಲ್ಲವನ್ನೂ ಕೊಡಬಲ್ಲರು. ಸುಲ್ತಾನನ ಸರದಿ ಬಂದಾಗ ಮಾತ್ರ ಕಂಪನಿಯ ಕಡತವೇ ಕೈ ಹಿಡಿದು ಬರೆಸಿದಂತಿದೆ.

ಈ ಸಾಲಿನಲ್ಲಿ ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ 'ದಿ ಮೂನ್‌ಸ್ಟೋನ್'. ಇಂಗ್ಲಿಷಿನ ಆಧುನಿಕ ಪತ್ತೇದಾರಿ ಕಾದಂಬರಿಗಳಲ್ಲಿ ಇದೇ ಮೊದಲನೆಯದು, ಇದೇ ಶ್ರೇಷ್ಠವಾದದ್ದು ಎಂದವರು ಕವಿ ಟಿ.ಎಸ್. ಎಲಿಯಟ್. ಮೊದಲನೆಯದು ಎಂಬ ಮಾತಿಗೆ ತಕರಾರುಗಳಿವೆ, ಇರಲಿ. ಅಚ್ಚರಿಯೆಂದರೆ ಈ ಕಥೆ ಶುರುವಾಗುವುದು ಲಂಡನ್ನಿನ ಮಂಜಿನಲ್ಲಲ್ಲ, 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯೊಳಗೆ. ಕೋಟೆ ಬಿದ್ದ ಗದ್ದಲದಲ್ಲಿ ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಟಿಪ್ಪುವಿನ ಆಯುಧಶಾಲೆಗೆ ನುಗ್ಗಿ, ಕಾವಲಿದ್ದವರನ್ನು ಕೊಂದು, ಕಠಾರಿಯ ಹಿಡಿಯಲ್ಲಿದ್ದ ಹಳದಿ ವಜ್ರವನ್ನು ದೋಚುತ್ತಾನೆ. ವಜ್ರ ಇಂಗ್ಲೆಂಡಿನ ಶ್ರೀಮಂತ ಮನೆಯೊಂದನ್ನು ಸೇರಿ ಮತ್ತೆ ಕಳವಾಗುತ್ತದೆ. ಕದ್ದವರು ಯಾರೆಂದು ಇಲ್ಲಿ ಹೇಳಲಾರೆವು. ಪತ್ತೇದಾರಿ ಕಾದಂಬರಿಯ ಬಗ್ಗೆ ಬರೆಯುವವರು ಅಷ್ಟಾದರೂ ಮರ್ಯಾದೆ ಉಳಿಸಿಕೊಳ್ಳಬೇಕು. ಆದರೆ ವಜ್ರ ಕೊನೆಗೆ ಎಲ್ಲಿ ಸೇರಿತು ಎಂಬುದನ್ನು ಹೇಳದೆ ವಿಧಿಯಿಲ್ಲ: ಅದು ಸೋಮನಾಥಕ್ಕೆ ಮರಳುತ್ತದೆ.

1857ರ ಬಂಡಾಯ ಮುಗಿದು ಹತ್ತು ವರ್ಷ ದಾಟಿತ್ತಷ್ಟೆ. ಭಾರತೀಯರೆಂದರೆ ಕ್ರೂರಿಗಳೆಂದೇ ಇಂಗ್ಲಿಷ್ ಪತ್ರಿಕೆಗಳು ಬರೆಯುತ್ತಿದ್ದ ಕಾಲ. ಆಗ ಕಾಲಿನ್ಸ್ ಮೂಲ ಅಪರಾಧವನ್ನು ಒಬ್ಬ ಇಂಗ್ಲಿಷ್ ಅಧಿಕಾರಿಯ ಕೊರಳಿಗೆ ಕಟ್ಟಿದರು. ದಂತಕಥೆ, ಶಾಪ, ಮಾಟದಂಥ ಪೂರ್ವದೇಶದ ಬಣ್ಣಗಳನ್ನು ಅವರೂ ಧಾರಾಳವಾಗಿಯೇ ಬಳಿದಿದ್ದಾರೆ. ಆದರೂ ಕೋಟೆ ಬಿದ್ದ ರಾತ್ರಿ ನಡೆದದ್ದು ಲೂಟಿ, ಲೂಟಿಯೆಂದರೆ ಕಳ್ಳತನ ಎಂದು ಕಂಪನಿಯ ವರದಿಗಳಿಗಿಂತ ನೇರವಾಗಿ ಹೇಳಿದ್ದು ಈ 'ಕಾಲಹರಣದ' ಪುಸ್ತಕವೇ.

ನಿಜವಾದ ಲೂಟಿ ಕಥೆಯನ್ನೂ ಮೀರಿತ್ತು. ಸಿಂಹಾಸನವನ್ನು ತುಂಡು ತುಂಡಾಗಿಸಿ ಹಂಚಿಕೊಂಡರು. ಮರದ ಹುಲಿ ಲಂಡನ್ನಿಗೆ ಹೋಯಿತು. ಸುಮಾರು 2000 ಹಸ್ತಪ್ರತಿಗಳ ಗ್ರಂಥಾಲಯವೂ ಕೊಳ್ಳೆಯ ಪಾಲಾಯಿತು, 1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಅದರ ವಿವರಪಟ್ಟಿಯನ್ನು ಅಚ್ಚುಹಾಕಿಸಿದರು. ಟಿಪ್ಪು ತನ್ನ ಕೈಯಾರೆ ಬರೆದಿಟ್ಟ ಕನಸುಗಳ ಪುಸ್ತಕವೂ ಕಡಲು ದಾಟಿತು. ಗಿರೀಶ ಕಾರ್ನಾಡರ ನಾಟಕ ಹುಟ್ಟಿದ್ದು ಅದರಿಂದ.

ಉರ್ದು ಕಾದಂಬರಿ ಇದಕ್ಕೆಲ್ಲ ಉತ್ತರ ಕೊಡಲು ಹೊರಟ ಬಗೆಯೂ ಕುತೂಹಲಕರ. ಲಖನೌದ ಅಬ್ದುಲ್ ಹಲೀಮ್ ಶರರ್ ಅವರು ಸ್ಕಾಟರ 'ಟ್ಯಾಲಿಸ್ಮನ್' ಓದಿದರು. ಅದರಲ್ಲಿ ಮುಸ್ಲಿಮರನ್ನು ಚಿತ್ರಿಸಿದ ರೀತಿಗೆ ಸಿಟ್ಟಾಗಿ ತಮ್ಮ 'ದಿಲ್‌ಗುದಾಜ್' ಪತ್ರಿಕೆಯಲ್ಲಿ 1888ರಲ್ಲಿ 'ಮಲಿಕುಲ್ ಅಜೀಜ್ ಔರ್ ವರ್ಜಿನಾ' ಬರೆದರು. ಇದೇ ಶರರ್ ಬಂಕಿಮರ 'ದುರ್ಗೇಶನಂದಿನಿ'ಯನ್ನು ಉರ್ದುವಿಗೆ ತಂದವರು. ನಮ್ಮ ಬಿ. ವೆಂಕಟಾಚಾರ್ಯರು ಅದನ್ನೇ ಕನ್ನಡಕ್ಕೆ ತಂದರು. ರಜಪೂತ ಕುಮಾರನನ್ನು ಪ್ರೀತಿಸುವ ಪಠಾಣ ನವಾಬನ ಮಗಳು ಆಯೇಷಾ ಹೀಗೆ ಎರಡೂ ಭಾಷೆಗಳಿಗೆ ಬಂದಳು.

ಶರರ್ ಹಾಕಿದ ದಾರಿಯಲ್ಲಿ ದೂರ ನಡೆದವರು ನಸೀಮ್ ಹಿಜಾಜಿ. 1914ರಲ್ಲಿ ಗುರುದಾಸಪುರ ಜಿಲ್ಲೆಯಲ್ಲಿ ಹುಟ್ಟಿ, ವಿಭಜನೆಯ ನಂತರ ಪಾಕಿಸ್ತಾನದಲ್ಲಿ ಬರೆದು, 1996ರಲ್ಲಿ ತೀರಿಕೊಂಡರು. ಅವರ 'ಔರ್ ತಲ್ವಾರ್ ಟೂಟ್ ಗಯೀ' ನಮ್ಮ ಟಿಪ್ಪುವಿನ ಕಥೆ. ಒಮ್ಮೆ ಹಿಡಿದರೆ ಕೆಳಗಿಡಲಾಗದು, ಕೊನೆಯ ಪುಟಗಳಲ್ಲಿ ಕಣ್ಣು ಒದ್ದೆಯಾಗುತ್ತದೆ. ಒಪ್ಪಿಕೊಳ್ಳೋಣ. ಆದರೆ ಅಚ್ಚು ಮಾತ್ರ ಸ್ಕಾಟರದೇ. ಲಂಪಟನಿದ್ದ ಜಾಗದಲ್ಲಿ ಮುಜಾಹಿದ್ ಬಂದಿದ್ದಾನೆ. ಸೋಲಿಗೆ ಕಾರಣವಾಗಿ ಮೀರ್ ಸಾದಿಕ್ ಎಂಬ ಗದ್ದಾರ ಸಿಕ್ಕಿದ್ದಾನೆ.

ಗದ್ದಾರ ಸಿಕ್ಕರೆ ಉಳಿದ ಪ್ರಶ್ನೆಗಳಿಗೆ ಬಿಡುವು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡಿದ್ದ. 3 ಕೋಟಿ 30 ಲಕ್ಷ ರೂಪಾಯಿ ದಂಡ ಹೊತ್ತಿದ್ದ. ಇಬ್ಬರು ಮಕ್ಕಳನ್ನು ಒತ್ತೆಯಿಟ್ಟಿದ್ದ. 1799ರಲ್ಲಿ ಇಂಗ್ಲಿಷರ ಜೊತೆ ನಿಂತದ್ದು ಹೈದರಾಬಾದಿನ ನಿಜಾಮನ ಸೈನ್ಯ. ಅದನ್ನು ಧರ್ಮಯುದ್ಧದ ಯಾವ ಪುಟದಲ್ಲಿ ಹೊಂದಿಸುವುದು? ಶೃಂಗೇರಿ ಮಠವನ್ನು ಮರಾಠಾ ದಂಡು ದೋಚಿದಾಗ ಟಿಪ್ಪು ಸ್ವಾಮಿಗಳಿಗೆ ಬರೆದ ಕನ್ನಡ ಕಾಗದಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಮಂಗಳೂರಿನ ಕ್ರೈಸ್ತರನ್ನೂ ಕೊಡಗರನ್ನೂ ಸೆರೆಹಿಡಿದು ಪಟ್ಟಣಕ್ಕೆ ಸಾಗಿಸಿದ್ದೂ ನಡೆದದ್ದೇ. ಇವೆರಡನ್ನೂ ಒಂದೇ ಪಾತ್ರದೊಳಗೆ ಕೂರಿಸುವ ಧೈರ್ಯ ರೋಮಾಂಚಕ ಕಾದಂಬರಿಗೆ ಇರುವುದಿಲ್ಲ. ಇತ್ತೀಚಿನ ಭಾಷಣಕಾರರಿಗೂ ಇಲ್ಲ. ಅವರ ಟಿಪ್ಪು ಒಂದೋ ಟೇಲರರವನು, ಇಲ್ಲವೇ ಹಿಜಾಜಿಯವನು. ಪುಸ್ತಕದ ಹೆಸರು ಕೇಳಿದರೆ ಇಬ್ಬರಿಗೂ ಗೊತ್ತಿರಲಿಕ್ಕಿಲ್ಲ.

ಟಿಪ್ಪುವಿನ ಮೇಲೆ ಕೊನೆಯ ಗುಂಡು ಹಾರಿಸಿದ ಸಿಪಾಯಿ ಯಾರೆಂಬುದು ಇಂದಿಗೂ ಪತ್ತೆಯಾಗಿಲ್ಲ. 1997ರಲ್ಲಿ ಬರ್ನಾರ್ಡ್ ಕಾರ್ನ್‌ವೆಲ್ 'ಶಾರ್ಪ್ಸ್ ಟೈಗರ್' ಬರೆದು ಆ ಖಾಲಿ ಜಾಗಕ್ಕೆ ತಮ್ಮ ನಾಯಕನನ್ನೇ ತಂದು ನಿಲ್ಲಿಸಿದರು. ಸುಲ್ತಾನನ ಮೈಮೇಲಿನ ಒಡವೆಗಳೂ ಅವನ ಜೇಬು ಸೇರುತ್ತವೆ.

ಕಾಲಿನ್ಸರ ವಜ್ರವೇನೋ ಊರಿಗೆ ಮರಳಿತು. ಕೋಟೆ ಹಿಡಿದ ಡೇವಿಡ್ ಬೇರ್ಡ್‌ಗೆ ಸೈನ್ಯ ಉಡುಗೊರೆಯಾಗಿ ಕೊಟ್ಟಿದ್ದ ಟಿಪ್ಪುವಿನ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು.