ಕೇಸರಿಯ ಲೆಕ್ಕ

ನಮ್ಮ ಕಿಬ್ಬನಹಳ್ಳಿ ಕಡೆ ಕೊಬ್ಬರಿ ಕೊಳ್ಳುವವರು ಒಂದು ಉಂಡೆಯನ್ನು ಒಡೆದು, ಅಂಗಳದ ಬೆಳಕಿಗೆ ತಂದು ನೋಡುತ್ತಾರೆ. ಅಟ್ಟದ ಮಬ್ಬಿನಲ್ಲಿ ಬೆಳ್ಳಗೆ ಕಂಡದ್ದು ಬಿಸಿಲಿನಲ್ಲಿ ಹಳದಿಗಟ್ಟಿರುವುದುಂಟು. ಬಣ್ಣ ವಸ್ತುವಿನಲ್ಲಿ ಎಷ್ಟಿದೆಯೋ ಬೆಳಕಿನಲ್ಲೂ ನೋಡುವ ಕಣ್ಣಿನಲ್ಲೂ ಅಷ್ಟೇ ಇದೆ ಎಂಬುದು ಅವರಿಗೆ ಗೊತ್ತು. ಇತಿಹಾಸ ಪಾಠ ಮಾಡುವ ನನಗೆ ಅದು ತಿಳಿಯಲು ವಯಸ್ಸು ಐವತ್ತು ದಾಟಬೇಕಾಯಿತು.

ಶಾಲೆಯ ವಾರ್ಷಿಕ ಸಂಚಿಕೆಯ ಮುಖಪುಟಕ್ಕೆ ರಾಷ್ಟ್ರಧ್ವಜದ ಚಿತ್ರ ಹಾಕಿಸಲು ತಿಪಟೂರಿಗೆ ಹೋಗಿದ್ದೆ. ಅಂಗಡಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಕಂಪ್ಯೂಟರಿನ ಪರದೆಯಲ್ಲಿ ಕೇಸರಿ ಚೆನ್ನಾಗಿಯೇ ಇತ್ತು. ಪ್ರಿಂಟರಿನಿಂದ ಬಂದ ಹಾಳೆಯಲ್ಲಿ ಮಾತ್ರ ಅದು ಮಂಗಳೂರು ಹೆಂಚಿನ ಬಣ್ಣಕ್ಕೆ ತಿರುಗಿತ್ತು.

“ಏನಪ್ಪಾ ಇದು, ಧ್ವಜಕ್ಕೆ ಕೆಂಪು ಹಚ್ಚಿದ್ದೀಯಲ್ಲ?” ಎಂದೆ.

“ಮಿಷನ್ನಿನ ತಪ್ಪಲ್ಲ ಮೇಡಂ. ಅದರ ಹತ್ತಿರ ಇರೋ ಬಣ್ಣ ಎಂಥದ್ದು ಅಂತ ನಾವು ಅಳೆದೇ ಇಲ್ಲ” ಎಂದ.

ಅಂಗೈಯಗಲದ ಒಂದು ಉಪಕರಣವನ್ನು ಪರದೆಯ ಮೇಲೆ ಇಳಿಬಿಟ್ಟ. ಪರದೆ ಒಂದಾದ ಮೇಲೊಂದು ಬಣ್ಣ ತೋರಿಸುತ್ತ ಹೋಯಿತು. ಉಪಕರಣ ಅಳೆಯುತ್ತ ಹೋಯಿತು. ಕೇಳಿದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಸಾಫ್ಟ್‌ವೇರ್ ಬರೆದಿಟ್ಟುಕೊಂಡಿತು. ಆಮೇಲೆ ಪ್ರಿಂಟರಿನಿಂದ ಸಣ್ಣ ಸಣ್ಣ ಬಣ್ಣದ ಚೌಕಗಳ ಹಾಳೆ ತೆಗೆದು, ಅದನ್ನು ಬೇರೊಂದು ಉಪಕರಣದಿಂದ ಅಳೆದ. ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸುತ್ತದೆ. ಪ್ರಿಂಟರ್ ಕಾಗದದ ಮೇಲೆ ಶಾಯಿ ಬೆರೆಸುತ್ತದೆ. ಎರಡರ ಭಾಷೆಯೂ ಬೇರೆ. ಈ ದುಭಾಷಿ ಕೆಲಸಕ್ಕೆ ಒಂದು ಕ್ರಮ ಇರಲೆಂದು 1993ರಲ್ಲಿ ಎಂಟು ಕಂಪನಿಗಳು ಸೇರಿ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಟಿಯಂ ಎಂಬ ಒಕ್ಕೂಟ ಕಟ್ಟಿಕೊಂಡವು.

“ಹಾಗಾದರೆ ನಿಜವಾದ ಕೇಸರಿ ಯಾವುದು?” ಎಂದು ಕೇಳಿದೆ. ಅವನು ನಕ್ಕು, “ಅದನ್ನ ನೀವು ಹೇಳಬೇಕು ಮೇಡಂ, ನೀವು ಹಿಸ್ಟರಿ” ಎಂದ.

ಆ ಮಾತು ನನ್ನನ್ನು ಬಿಡಲಿಲ್ಲ. ಸಂವಿಧಾನ ಸಭೆ ಧ್ವಜವನ್ನು ಅಂಗೀಕರಿಸಿದ್ದು 1947ರ ಜುಲೈ 22ರಂದು ಎಂದು ವರ್ಷ ವರ್ಷವೂ ಬರೆಸಿದವಳು ನಾನು. ಆದರೆ 1951ರಲ್ಲಿ ಭಾರತೀಯ ಮಾನಕ ಸಂಸ್ಥೆ ಧ್ವಜಕ್ಕೆಂದೇ ಒಂದು ಮಾನಕ ಹೊರಡಿಸಿತು, ಅದರ ಸಂಖ್ಯೆಯೇ 1 ಎಂಬುದನ್ನು ಯಾವ ಮಗುವಿಗೂ ಹೇಳಿರಲಿಲ್ಲ. ಬಟ್ಟೆ, ನೂಲು, ಅಳತೆಗಳ ಜೊತೆಗೆ ಕೇಸರಿ ಎಂದರೆ ಯಾವ ಕೇಸರಿ ಎಂಬುದನ್ನೂ ಆ ಮಾನಕ ಅಂಕಿಗಳಲ್ಲೇ ಹೇಳುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಖಾದಿ ಧ್ವಜ ಹೊಲಿಯುವ ಹೆಣ್ಣುಮಕ್ಕಳು ಈ ಮಾನಕಕ್ಕೆ ತಕ್ಕಂತೆಯೇ ಕೆಲಸ ಮಾಡುತ್ತಾರೆ. ಬಟ್ಟೆಗೆ ಹತ್ತಿದ ಬಣ್ಣ ಆ ಅಂಕಿಗೆ ನಿಲ್ಲಬೇಕು.

ಆ ಅಂಕಿಗಳು ಬಂದದ್ದೆಲ್ಲಿಂದ ಎಂದು ಹುಡುಕುತ್ತ ಹೋದರೆ ಇಂಗ್ಲೆಂಡಿಗೆ ಹೋಗಿ ಮುಟ್ಟುತ್ತೇವೆ. 1920ರ ದಶಕದ ಕೊನೆಯಲ್ಲಿ ರೈಟ್ ಎಂಬ ವಿಜ್ಞಾನಿ ಹತ್ತು ಜನರನ್ನು, ಗಿಲ್ಡ್ ಎಂಬುವರು ಏಳು ಜನರನ್ನು ಕೂರಿಸಿ, ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸಿ ಎದುರಿಗಿರುವ ಬಣ್ಣಕ್ಕೆ ಸರಿಹೊಂದಿಸಲು ಹೇಳಿದರು. ಆ ಹದಿನೇಳು ಜನರ ನೋಟದ ಆಧಾರದ ಮೇಲೆ 1931ರಲ್ಲಿ ಬೆಳಕಿನ ಅಂತಾರಾಷ್ಟ್ರೀಯ ಆಯೋಗ ಬಣ್ಣಕ್ಕೆ ಅಂಕಿ ಕೊಡುವ ಪದ್ಧತಿ ಸ್ಥಾಪಿಸಿತು. ನಮ್ಮ ಧ್ವಜದ ಮಾನಕ ಬಳಸುವುದು ಅದನ್ನೇ. ತಿಪಟೂರಿನ ಅಂಗಡಿಯ ಉಪಕರಣ ಎಣಿಸುವುದೂ ಅದನ್ನೇ. ಬ್ರಿಟಿಷರನ್ನು ಕಳುಹಿಸಿ ಏರಿಸಿದ ಧ್ವಜದ ಬಣ್ಣವನ್ನು ಇಂಗ್ಲೆಂಡಿನ ಹದಿನೇಳು ಜನರ ಕಣ್ಣಿನಿಂದ ಅಳೆಯುತ್ತಿದ್ದೇವಲ್ಲ ಎಂದು ಮೊದಲು ಇರುಸುಮುರುಸಾಯಿತು. ಆಮೇಲೆ ಸಮಾಧಾನ ಮಾಡಿಕೊಂಡೆ. ಅಳತೆಗೋಲು ಎಲ್ಲಿಂದ ಬಂದರೇನು, ಅಳೆಯುವ ಬಟ್ಟೆ ನಮ್ಮದು.

ಸಮಾಧಾನವಾಗದ್ದು ಬೇರೊಂದು. ಬಹಳ ವರ್ಷಗಳ ಹಿಂದೆ ಪರೀಕ್ಷೆಯಲ್ಲಿ ಒಬ್ಬಳು ಹುಡುಗಿ ಧ್ವಜದ ಮೇಲಿನ ಪಟ್ಟಿಗೆ ಅಚ್ಚ ಕೆಂಪು ಹಚ್ಚಿದ್ದಳು. “ಕೇಸರಿ ಅಂದರೆ ಗೊತ್ತಿಲ್ವಾ?” ಎಂದು ಎಲ್ಲರೆದುರು ಗದರಿ ಎರಡು ಅಂಕ ಕಳೆದಿದ್ದೆ. ಅವಳ ತಂದೆ ಕೂಲಿಗೆ ಕಾಯಿ ಸುಲಿಯುತ್ತಿದ್ದರು. ಅವಳ ಹತ್ತಿರ ಇದ್ದದ್ದು ಆರು ಬಣ್ಣದ ಪೆನ್ಸಿಲ್ ಪೆಟ್ಟಿಗೆ. ಅದರಲ್ಲಿ ಕೇಸರಿ ಇರಲಿಲ್ಲ. ತಲೆ ತಗ್ಗಿಸಿ ನಿಂತಳೇ ಹೊರತು ಹಾಗೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪ್ರಿಂಟರಿಗೆ ಸಿಕ್ಕ ನ್ಯಾಯ ಆ ಮಗುವಿಗೆ ನನ್ನಿಂದ ಸಿಗಲಿಲ್ಲ. ಯಂತ್ರವನ್ನು ಬೈಯುವ ಮುನ್ನ ಅದರ ಬಳಿ ಯಾವ ಬಣ್ಣವಿದೆ ಎಂದು ಅಳೆದು ನೋಡಿದೆವು. ಸಂಚಿಕೆ ಒಳ್ಳೆಯ ಕೇಸರಿಯಲ್ಲೇ ಬಂತು, ಎಲ್ಲರೂ ಮೆಚ್ಚಿದರು. ಈಗ ಚಿತ್ರಕ್ಕೋ ನಕ್ಷೆಗೋ ಅಂಕ ಹಾಕುವಾಗ ನಾನು ಮೊದಲು ಮಗುವಿನ ಪೆನ್ಸಿಲ್ ಪೆಟ್ಟಿಗೆ ತೆಗೆಸಿ ನೋಡುತ್ತೇನೆ.