ಎತ್ತಿನ ದಣಿವು, ಬ್ಯಾಟರಿಯ ಹಸಿವು

ವಿದ್ಯುತ್ ವಾಹನಗಳಿಗೆ ಚಾರ್ಜಿಂಗ್ ಕೇಂದ್ರಗಳು ಎಲ್ಲಿರಬೇಕು? ಕೇಂದ್ರ ವಿದ್ಯುತ್ ಸಚಿವಾಲಯ 2018ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇದಕ್ಕೊಂದು ಅಳತೆಗೋಲು ಕೊಟ್ಟಿತು. ನಗರದಲ್ಲಿ 3 ಕಿ.ಮೀ. ಉದ್ದಗಲದ ಪ್ರತಿ ಚೌಕಕ್ಕೊಂದು, ಹೆದ್ದಾರಿಯ ಎರಡೂ ಬದಿಗೆ 25 ಕಿ.ಮೀ.ಗೊಂದು ಕೇಂದ್ರ. ಹೇರು ತುಂಬಿದ ಎತ್ತಿನ ಗಾಡಿ ದಿನವೊಂದಕ್ಕೆ ಕ್ರಮಿಸುತ್ತಿದ್ದುದೂ ಹೆಚ್ಚುಕಡಿಮೆ ಇಷ್ಟೇ ದೂರವೆಂಬುದು ಸ್ವಾರಸ್ಯಕರ!

ಎತ್ತು ದಣಿಯುವಲ್ಲಿ ನೀರು, ನೆರಳು, ಮೇವು ಬೇಕಿತ್ತು. ಬಾವಿ, ಅರವಟ್ಟಿಗೆ, ಧರ್ಮಶಾಲೆಗಳು ಹುಟ್ಟಿದ್ದು ಈ ಲೆಕ್ಕಾಚಾರದಲ್ಲೇ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಿಂದ ಹರಿಹರದತ್ತ ಹಳಿ ಹಾಸಿತು. ಮಾರ್ಮಗೋವಾ ಬಂದರಿಗೂ ರೈಲು ಬಂತು. ಸರಕು ದಾರಿ ಬದಲಿಸಿತು, ಕುಮಟಾ ಮಂಕಾಯಿತು. ನಿಲ್ದಾಣ ಎಲ್ಲಿ ಎಂಬ ಒಂದು ತೀರ್ಮಾನಕ್ಕೆ ಊರನ್ನು ಏಳಿಸುವ, ಬೀಳಿಸುವ ಶಕ್ತಿಯಿದೆ.

ಆ ಹಳಿಯ ಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರಕ್ಕೂ ನಿಲ್ದಾಣ ದೊರೆಯಿತು. ಹೆದ್ದಾರಿ ಮಾತ್ರ ಅಷ್ಟು ಉದಾರಿಯಲ್ಲ. ಹಿಂದೆ 4ನೇ ಸಂಖ್ಯೆಯಿದ್ದ, ಈಗ 48 ಎನಿಸಿಕೊಂಡ ಪುಣೆ-ಬೆಂಗಳೂರು ರಸ್ತೆ ಹಾವೇರಿ, ರಾಣೆಬೆನ್ನೂರುಗಳ ಮಗ್ಗುಲಲ್ಲೇ ಸಾಗುತ್ತದೆ. ಬ್ಯಾಡಗಿಗೆ ಹೋಗುವವರು ಮೋಟೆಬೆನ್ನೂರಿನಲ್ಲಿ ತಿರುಗಬೇಕು. 25 ಕಿ.ಮೀ. ಲೆಕ್ಕ ಹಿಡಿದು ನಕ್ಷೆಯಲ್ಲಿ ಚುಕ್ಕೆ ಇಡುತ್ತ ಹೋದರೆ ಮೊದಲೆರಡು ಊರುಗಳಿಗೆ ಒಂದೊಂದು ಸಿಕ್ಕೀತು, ಬ್ಯಾಡಗಿ ಜಾರಿಹೋದೀತು.

ಆದರೆ ವಾಹನಗಳು ತಾಸುಗಟ್ಟಲೆ ನಿಲ್ಲುವುದೇ ಬ್ಯಾಡಗಿಯಲ್ಲಿ. ಸೋಮವಾರ, ಗುರುವಾರ ಇಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದಲೂ ಚೀಲಗಳು ಬರುತ್ತವೆ. ದರ ನಿಗದಿಯಾಗಿ, ತೂಕವಾಗಿ, ಚೀಲ ಏರಿಸುವವರೆಗೆ ಕಾಯಬೇಕು. ಪೆಟ್ರೋಲ್ ಬಂಕ್‌ಗೆ ದಾರಿಹೋಕ ವಾಹನ ಸಾಕು, ಐದು ನಿಮಿಷದ ಕೆಲಸ. ಬ್ಯಾಟರಿಯದು ಎತ್ತಿನ ಸ್ವಭಾವ. ಅದಕ್ಕೆ ವಿಶ್ರಾಂತಿ ಬೇಕು. ಹೆದ್ದಾರಿಯಲ್ಲಿ ಅವಸರದವರಿಗೆ ದುಬಾರಿ ವೇಗದ ಚಾರ್ಜರ್ ಬೇಕಾದರೆ, ಎಪಿಎಂಸಿ ಪ್ರಾಂಗಣದಲ್ಲಿ ಕಾಯುವ ಗೂಡ್ಸ್ ಆಟೊಕ್ಕೆ ಅಗ್ಗದ ನಿಧಾನ ಚಾರ್ಜರೇ ಆದೀತು. ದಿನದ ಬಾಡಿಗೆ ನಂಬಿದ ಚಾಲಕ ಚಾರ್ಜಿಗೆಂದು ಹೆದ್ದಾರಿಗೆ ಹೋಗಿಬರುವುದೆಂದರೆ ಒಂದು ಬಾಡಿಗೆ ಕಳೆದುಕೊಂಡಂತೆ.

ಇನ್ನೊಂದು ತೊಡಕಿದೆ. ಮೆಣಸಿನಕಾಯಿ ಆವಕ ಏರುವ ಬೇಸಿಗೆಯ ಆರಂಭದಲ್ಲೇ ಹೊಲಗಳ ಪಂಪ್‌ಸೆಟ್‌ಗಳ ವಿದ್ಯುತ್ ಬೇಡಿಕೆಯೂ ಏರುತ್ತದೆ. ಜಾಗ ಹುಡುಕುವವರು ರಸ್ತೆಯ ನಕ್ಷೆಯ ಪಕ್ಕದಲ್ಲಿ ಹೆಸ್ಕಾಂನ ಟ್ರಾನ್ಸ್‌ಫಾರ್ಮರ್‌ಗಳ ನಕ್ಷೆಯನ್ನೂ ಬಿಡಿಸಿಟ್ಟುಕೊಳ್ಳಬೇಕಾಗುತ್ತದೆ.